ಮೊದಲ ಕೊಡ

ಉಪ್ಪಾಗಿತ್ತೇ? ಅಥವಾ ಉಪ್ಪಾಗಿದ್ದರೆ ಏನು ಗತಿ ಎಂದು ಎರಡು ತಿಂಗಳಿಂದ ಹೆದರುತ್ತಿದ್ದ ನನ್ನ ಬಾಯಿಗೇ ಹಾಗೆ ಅನ್ನಿಸಿತ್ತೇ? ಬೆರಳು ನಾಲಿಗೆಗೆ ತಾಗಿದ ಗಳಿಗೆಯನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡೆ. ಮೊದಲು ತಂಪು, ಆಮೇಲೆ ತಾಮ್ರದ ಕೊಡದ ಒಗರು, ಅದರ ಹಿಂದೆ ಬಹಳ ದೂರದಲ್ಲಿ ಇನ್ನೇನೋ ಒಂದು. ಅದು ನನ್ನ ಬೆರಳಿನ ಬೆವರೂ ಇರಬಹುದು. ಇನ್ನೊಂದು ಸಲ ನೋಡೋಣವೆಂದರೆ ಆ ನೀರೇ ಇರಲಿಲ್ಲ. ಅಮ್ಮ ಅಷ್ಟರಲ್ಲಿ ಕೊಡವನ್ನು ತೆಂಗಿನ ಬುಡಕ್ಕೆ ಸುರಿದು, ಎರಡನೆಯ ಕೊಡ ಸೇದಲು ಬಾವಿಗೆ ಹಗ್ಗ ಇಳಿಬಿಟ್ಟಿದ್ದಳು.

ನಮ್ಮ ಊರಿನಲ್ಲಿ ಕಡಲು ಒಂದೇ ಕಡೆ ನಿಲ್ಲುವುದಿಲ್ಲ. ಹತ್ತು ದಿನ ಒಂದು ಬೀದಿಯ ತುದಿಯಲ್ಲಿ, ಇಪ್ಪತ್ತು ದಿನ ಇನ್ನೊಂದು ಬೀದಿಯ ತುದಿಯಲ್ಲಿ. ಅದು ಯಾವ ಬೀದಿಗೆ ಬರುತ್ತದೋ ಆ ಬೀದಿಯ ಬಾವಿಯ ಮೊದಲ ಕೊಡ ಹಿಂದಿನ ಬೆಳಿಗ್ಗೆ ಉಪ್ಪಾಗಿರುತ್ತದೆ. ಎರಡನೆಯ ಕೊಡಕ್ಕೆ ನೀರು ಮತ್ತೆ ಸಿಹಿ. ಹಾಗಾಗಿ ಪ್ರತಿ ಬೀದಿಗೂ ಮೊದಲ ಕೊಡ ಸೇದಿ ನೀರು ನೋಡುವವರೊಬ್ಬರು ಇರುತ್ತಾರೆ. ಹಗ್ಗ ಹೊಸೆಯುವವರ ನಮ್ಮ ಬೀದಿಗೆ ಇಪ್ಪತ್ತೆರಡು ವರ್ಷದಿಂದ ನನ್ನ ಅಮ್ಮ ಅಹಲ್ಯಾ. ಒಂದು ಬೊಗಸೆ ನೀರನ್ನು ಬಾಯಲ್ಲಿ ಹಿಡಿದು, ಉಗುಳಿ, ಬೀದಿಗೆ ಕೇಳುವಂತೆ ಒಂದೇ ಮಾತು ಕೂಗುತ್ತಾಳೆ. ‘ಸಿಹಿ’ ಎಂದರೆ ಜನ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ‘ಉಪ್ಪು’ ಎಂದರೆ ಎದ್ದು ಅಕ್ಕಿ, ಚಾಪೆ, ಮಕ್ಕಳು, ಕೈಲಾಗದವರು ಎಲ್ಲವನ್ನೂ ಎಲ್ಲರನ್ನೂ ಅಟ್ಟಕ್ಕೆ ಸಾಗಿಸುತ್ತಾರೆ. ಮರುದಿನ ಬೆಳಕಾಗುವಾಗ ಕಡಲು ಸೊಂಟದ ಮಟ್ಟ ನುಗ್ಗುತ್ತದೆ, ಒಂದು ತಾಸಿನಲ್ಲಿ ಹಿಂದೆ ಸರಿದು, ಬೀದಿಯ ತುದಿಯಲ್ಲಿ ಮರಳು ಹಾಸಿಕೊಂಡು ಕೂರುತ್ತದೆ. ಅದು ಅಲ್ಲಿರುವಷ್ಟು ದಿನ ಕಡಲು ನೋಡಲು ಬಂದವರಿಗೆ ಆ ಬೀದಿಯವರು ಜಗಲಿಯಲ್ಲಿ ಅಡುಗೆ ಮಾಡಿ ಬಡಿಸಬೇಕು. ಅಷ್ಟು ದಿನವೂ ಒಲೆ ಆರಿಸುವಂತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಎರಡು ತಿಂಗಳ ಹಿಂದೆ ಅಮ್ಮನಿಗೆ ಜ್ವರ ಬಂದು ಹೋಯಿತು. ಅವಳು ಎದ್ದು ಓಡಾಡಲು ತೊಡಗಿದ ಒಂದು ಸಂಜೆ ನಾನು ಕಾಫಿ ಮಾಡಿ ಕೊಟ್ಟೆ, ಬೆಲ್ಲ ಹಾಕುವುದನ್ನು ಮರೆತಿದ್ದೆ. ಅಮ್ಮ ಒಂದು ಗುಟುಕು ಕುಡಿದು, “ಬೆಲ್ಲ ಸ್ವಲ್ಪ ಜಾಸ್ತಿ ಆಯ್ತು” ಅಂದಳು. ನನ್ನ ಕಾಫಿಗೆ ಅವಳು ಯಾವಾಗಲೂ ಹೇಳುತ್ತಿದ್ದ ಮಾತು ಅದು. ನಾನು ನನ್ನ ಲೋಟದಿಂದ ಕುಡಿದು ನೋಡಿದೆ, ಕಹಿ. ಅವಳು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. ಅವಳ ಅಡುಗೆ ಮಾತ್ರ ಕೆಡಲಿಲ್ಲ. ಅಳತೆ ಕೈಗೆ ಗೊತ್ತಿತ್ತು. ನಾಲಿಗೆ ಸತ್ತಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ ಅವಳು ಕೂಗಲು ಬೀದಿಯ ಕಡೆ ತಿರುಗಿದಾಗ ನಾನು ಹಿಂದಿನಿಂದ ಬಂದು ಮೊದಲ ಕೊಡಕ್ಕೆ ಬೆರಳು ಅದ್ದುತ್ತಿದ್ದೆ. ನೀರು ನೋಡುವವರಲ್ಲದೆ ಬೇರೆ ಯಾರೂ ಆ ಕೊಡ ಮುಟ್ಟಬಾರದು. ಪದವಿ ಮುಗಿಸಿ, ಬಂದ ಜನರಿಗೆ ಊರು ತೋರಿಸುವ ಕೆಲಸ ಮಾಡಿಕೊಂಡಿದ್ದ ನಾನು, ಕಳ್ಳನ ಹಾಗೆ ನನ್ನದೇ ಅಂಗಳದಲ್ಲಿ ಬೆರಳು ನೆಕ್ಕುತ್ತಿದ್ದೆ.

ಆ ಬೆಳಿಗ್ಗೆ ಅಮ್ಮ “ಸಿಹಿ” ಎಂದು ಕೂಗಿದ್ದಳು. ದನಿಯಲ್ಲಿ ಅಳುಕಿರಲಿಲ್ಲ. ಈಗಲೇ ಹೋಗಿ ‘ಅಮ್ಮ, ಉಪ್ಪು ಅನ್ನಿಸಿತು’ ಎನ್ನಬಹುದಿತ್ತು. ಕಡಲು ಬರದೇ ಹೋದರೆ? ಸುಮ್ಮನೆ ಅವಳ ಮಾನ ಕಳೆದಂತಾಗುತ್ತಿತ್ತು. ಬಂದರೆ? ಕಂಚುಗಾರರ ಬೀದಿಯಲ್ಲಿ ನೀರು ನೋಡುವ ಹೆಂಗಸು ಒಂದು ದಿನ ನಿದ್ದೆ ಹೋಗಿ ಕೊಡ ಸೇದಿರಲಿಲ್ಲ. ಮರುದಿನ ಕಡಲು ನುಗ್ಗಿ ಒಬ್ಬ ಮುದುಕಿ ಚಾಪೆಯ ಮೇಲೆಯೇ ಹೋದಳು. ಯಾರೂ ಆ ಹೆಂಗಸನ್ನು ಬೈಯಲಿಲ್ಲ. ಆದರೆ ಅವಳ ಕೈಯಿಂದ ಮತ್ತೆ ಯಾರೂ ನೀರು ಕುಡಿಯಲಿಲ್ಲ, ಅವಳ ಮಗಳು ಕೊಟ್ಟರೂ ಕುಡಿಯಲಿಲ್ಲ. ನಮ್ಮ ಬೀದಿಯ ಕೆಳತುದಿಯ ಮನೆಯಲ್ಲಿ ಐತಪ್ಪಜ್ಜ ಇದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲದೆ, ಗಿಡ್ಡ ಮಂಚದ ಮೇಲೆ ಆರು ವರ್ಷದಿಂದ ಮಲಗಿದ್ದವರು. ಕಡಲು ಬಂದರೆ ಮೊದಲು ನುಗ್ಗುವುದು ಆ ಕೋಣೆಗೆ.

ಏನೂ ಹೇಳದೆ ಕೆಲಸಕ್ಕೆ ಹೊರಟೆ. ಆಗ ಕಡಲು ನಮ್ಮಿಂದ ಎರಡು ಬೀದಿ ಆಚೆ, ದರ್ಜಿಗಳ ಬೀದಿಯಲ್ಲಿತ್ತು. ಆ ದಿನ ನನ್ನ ಜೊತೆಗಿದ್ದವರು ಒಳನಾಡಿನಿಂದ ಬಂದ ಯಮನಪ್ಪ ಮಾಸ್ತರರು ಮತ್ತು ಅವರ ಹೆಂಡತಿ ರೇಣವ್ವ. ಮಾಸ್ತರರು ನಿವೃತ್ತರಾಗಿ ತಿಂಗಳಾಗಿತ್ತಷ್ಟೆ. ರೇಣವ್ವ ಕಡಲು ನೋಡುತ್ತಿದ್ದುದು ಅದೇ ಮೊದಲು. ತರಕಾರಿ ಪೇಟೆಯ ನಡುವೆ ನಿಂತಿರುವ ದೀಪಸ್ತಂಭ ತೋರಿಸಿದೆ. ಅದನ್ನು ಕಟ್ಟಿದ ವಾರ ಕಡಲು ಅಲ್ಲಿತ್ತು. ಆಮೇಲೆ ಇಂದಿನವರೆಗೂ ಅತ್ತ ಸುಳಿದಿಲ್ಲ. ಈಗ ಅದರ ಬುಡದಲ್ಲಿ ಈರುಳ್ಳಿ ಮಾರುತ್ತಾರೆ. ಮನೆಮನೆಯ ಗೋಡೆಗೆ ಕೊಕ್ಕೆ ಹಾಕಿ ತೂಗುಬಿಟ್ಟ ದೋಣಿಗಳನ್ನು ತೋರಿಸಿದೆ. “ನಮ್ಮೂರಾಗ ಗ್ವಾಡಿಗೆ ನೇಗಿಲಾ ತೂಗ ಹಾಕತಾರ, ಇವರು ದೋಣಿ ಹಾಕ್ಯಾರ ನೋಡ” ಎಂದು ಮಾಸ್ತರರು ಹೆಂಡತಿಗೆ ಹೇಳಿದರು. ನಾನು ನಗಬೇಕಾದಲ್ಲಿ ನಗಲಿಲ್ಲ. ಬಾಯಲ್ಲಿ ಎಂಜಲನ್ನು ಹೊರಳಿಸುತ್ತ, ಆ ರುಚಿಯನ್ನು ಇನ್ನೂ ಹುಡುಕುತ್ತಿದ್ದೆ.

ಮಧ್ಯಾಹ್ನ ದರ್ಜಿಗಳ ಬೀದಿಗೆ ಊಟಕ್ಕೆ ಕರೆದುಕೊಂಡು ಹೋದೆ. ಬಟ್ಟೆ ಕತ್ತರಿಸುವ ಉದ್ದದ ಮೇಜುಗಳನ್ನು ಮರಳಿಗೆ ಇಳಿಸಿ, ಕಡಲಿಗೆ ಮುಖ ಮಾಡಿ ಹಾಕಿದ್ದರು. ಮೇಜಿನ ಅಂಚಿಗೆ ಹೊಡೆದ ಅಳತೆಯ ಗುರುತುಗಳ ಮೇಲೆಯೇ ಬಾಳೆಲೆ. ದರ್ಜಿ ವಾಮನಣ್ಣ ಕೊರಳಲ್ಲಿ ಟೇಪು ಹಾಕಿಕೊಂಡೇ ನೀರುದೋಸೆ, ಮರುವಾಯಿ ಚಿಪ್ಪಿನ ಸುಕ್ಕ, ಕಾವಲಿಯಿಂದ ಆಗತಾನೆ ತೆಗೆದ ಬಂಗುಡೆ ಬಡಿಸುತ್ತಿದ್ದ. ರೇಣವ್ವ ಚಪ್ಪಲಿ ಬಿಟ್ಟು ನೀರಿಗಿಳಿದು, ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು.

“ಇಷ್ಟೊಂದು ನೀರು, ಒಂದು ಗುಟುಕು ಕುಡಿಯಾಕ ಬರಂಗಿಲ್ಲಲ್ರೀ!”

“ಅದಕ್ಕ ಯಾರೂ ಖಾಲಿ ಮಾಡಿಲ್ಲ, ಇನ್ನೂ ಉಳದೈತಿ” ಎಂದರು ಮಾಸ್ತರರು.

ಅವಳು ಬಂದು ಕುಳಿತು, ಮೀನಿನ ಮುಳ್ಳು ಬಿಡಿಸುತ್ತ ನನ್ನನ್ನು ಕೇಳಿದಳು. “ಅಲ್ಲ ತಮ್ಮಾ, ಇದು ಹಿಂಗ ಬ್ಯಾರೆ ಬ್ಯಾರೆ ಮನಿ ಬಾಗಲಾಗ ಬಂದು ನಿಂತರ ನಿಮಗ ನಿದ್ದಿ ಹೆಂಗ ಬರ್ತೈತಿ?”

“ನೀರು ನೋಡುವವರು ಇರ್ತಾರೆ. ಅವರು ಹಿಂದಿನ ದಿನವೇ ಹೇಳ್ತಾರೆ.”

“ಅವರು ತಪ್ಪಿದ್ರ?”

“ತಪ್ಪುವುದಿಲ್ಲ” ಎಂದೆ. ಪುನರ್ಪುಳಿ ಶರಬತ್ತು ಎತ್ತಿ ಕುಡಿದೆ. ಅದೂ ಉಪ್ಪೆನಿಸಿತು. ಅದರಲ್ಲಿ ಉಪ್ಪು ಹಾಕಿರುತ್ತಾರೆ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.

ವಾಮನಣ್ಣ ಎಣ್ಣೆಯ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತ. “ಜಯಂತಾ, ನಿಮ್ಮ ಬೀದಿ ನೀರು ಎಂತ ಅಂತೆ?”

“ಸಿಹಿ.”

“ಹಾಗಾದ್ರೆ ಇದು ಹೋಗುವುದು ಎಲ್ಲಿಗೆ ಮಾರಾಯ? ನೋಡು, ಬೆಳಿಗ್ಗೆ ಆ ಮೇಜಿನ ಕಾಲಿಗೆ ಅಲೆ ತಾಗ್ತಿತ್ತು. ಈಗ ಎಷ್ಟು ಹಿಂದೆ ಉಂಟು. ಹೊರಟು ನಿಂತಿದೆ ಅದು. ನಮ್ಮ ಹುಡುಗರು ಎಲ್ಲಾ ಬೀದಿಗೂ ಹೋಗಿ ಕೇಳಿ ಬಂದ್ರು. ಕಂಬಾರರಲ್ಲಿ ಸಿಹಿ, ಗಾಣದವರಲ್ಲಿ ಸಿಹಿ, ಪೇಟೆಯಲ್ಲಿ ಸಿಹಿ. ಎಲ್ಲಾ ಕಡೆ ಸಿಹಿ. ಮತ್ತೆ ಇದೆಂತ ಆಕಾಶಕ್ಕೆ ಹೋಗ್ತದಾ?”

ಅವನು ನಕ್ಕ. ನಾನು ಆ ಮೇಜಿನ ಕಾಲನ್ನು ನೋಡಿದೆ. ಒದ್ದೆಯ ಗುರುತಿತ್ತು, ಅದರಿಂದ ಕಡಲಿಗೆ ಹದಿನೈದು ಹೆಜ್ಜೆ. ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಹೆದರಿಕೆ ಮುಗಿಯಲಿಲ್ಲ.

ಸಂಜೆ ಬೀದಿಗೆ ಬಂದಾಗ ಹೆಂಗಸರು ಹಗ್ಗ ಹೊಸೆಯುತ್ತ ಜಗಲಿಯಲ್ಲಿದ್ದರು. ಮಕ್ಕಳು ನಾರಿನ ರಾಶಿಯ ಮೇಲೆ ಉರುಳಾಡುತ್ತಿದ್ದರು. ಎಲ್ಲರ ಬಾಗಿಲೂ ತೆರೆದಿತ್ತು. ಉಪ್ಪು ಎಂದು ಹೇಳದೆ ಇವರನ್ನೆಲ್ಲ ಮೇಲೆ ಹತ್ತಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎದುರು ಮನೆಯ ಲೋಕಯ್ಯನ ಬಳಿ ನಿಂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. “ನಾಳೆ ಬೆಳಿಗ್ಗೆ ನಲವತ್ತು ಜನ ಮಾಸ್ತರರು ಬರ್ತಾರೆ. ದರ್ಜಿಗಳ ಬೀದಿಯಲ್ಲಿ ಜಾಗ ಇಲ್ಲ. ನಮ್ಮ ಮಾಳಿಗೆಗಳಿಂದ ಕಡಲು ಕಾಣ್ತದಲ್ಲ, ಮೇಲೆ ಕೂತು ತಿಂಡಿ ತಿಂತಾರಂತೆ. ಒಲೆ, ಪಾತ್ರೆ, ಅಕ್ಕಿ, ಚಾಪೆ ಎಲ್ಲಾ ಇವತ್ತೇ ಮೇಲೆ ಹೋಗ್ಬೇಕು. ಬೆಳಿಗ್ಗೆ ಬೇಗ ಬರ್ತಾರೆ, ಮಕ್ಕಳು ಅಡ್ಡ ಆಗ್ಬಾರದು, ಮೇಲೆಯೇ ಮಲಗಿಸಿ.”

“ಕಡಲು ಇಲ್ಲದ ಬೀದಿಯಲ್ಲಿ ಊಟವಾ?” ಲೋಕಯ್ಯನಿಗೆ ನಗು. “ಇವನು ಓದಿದ್ದು ಜಾಸ್ತಿ ಆಯ್ತು ಅಂತ ನಾನು ಆಗಲೇ ಹೇಳಿದ್ದೆ. ನಾಳೆ ಬಾವಿಯಿಂದ ಸೂರ್ಯೋದಯ ತೋರಿಸ್ತಾನೆ!”

“ತೋರಿಸ್ಲಿ ಬಿಡಿ, ನಿಮಗೆಂತ” ಎಂದು ಅವನ ಹೆಂಡತಿ ಸರೋಜಕ್ಕ ಆಗಲೇ ಎದ್ದಿದ್ದಳು. “ಏಳಿ, ಏಣಿ ತನ್ನಿ.”

ಒಬ್ಬರು ಹತ್ತಿಸಿದ್ದು ನೋಡಿ ಇನ್ನೊಬ್ಬರು ಹತ್ತಿಸಿದರು. ಕತ್ತಲಾಗುವ ಮೊದಲು ಬೀದಿಯ ಅರ್ಧ ಸಾಮಾನು ಮೇಲಿತ್ತು. ಉಳಿದದ್ದು ಐತಪ್ಪಜ್ಜ. ಅವರ ಕೋಣೆ ಪಾತ್ರೆ ತೊಳೆಯುವುದಕ್ಕೆ ಬೇಕು ಎಂದು ಅವರ ಸೊಸೆಯನ್ನು ಹೇಗೋ ಒಪ್ಪಿಸಿದೆ. ಅಜ್ಜ ಒಪ್ಪಲಿಲ್ಲ.

“ಅಟ್ಟದಲ್ಲಿ ತಗಡಿನ ಬಿಸಿ. ನಾನು ಬರುವುದಿಲ್ಲ. ಅಹಲ್ಯಾ ಎಂತ ಹೇಳಿದ್ದಾಳೆ? ಸಿಹಿ ಹೇಳಿದ್ದಾಳೆ. ಮತ್ತೆ ನನ್ನನ್ನು ಯಾಕೆ ಹೊರುವುದು? ಸತ್ತ ಮೇಲೆ ಹೊರಲಿಕ್ಕೆ ಉಂಟಲ್ಲ, ಅಷ್ಟು ಅವಸರ ಎಂತ?”

“ಒಂದೇ ರಾತ್ರಿ ಅಜ್ಜ.”

“ಅವಳು ಸಿಹಿ ಹೇಳಿದ ಮೇಲೆ ಈ ಬೀದಿಯಲ್ಲಿ ಯಾರನ್ನೂ ಎತ್ತಿದ್ದಿಲ್ಲ. ಬೇಕಾದ್ರೆ ಅವಳನ್ನೇ ಕರಿ, ಕೇಳುವ.”

ಕರೆಯಬೇಕಾಗಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಮಂಚದ ಕಾಲು ನೋಡಿದೆ. ಅವಳು ಏನಾದರೂ ಕೇಳಿದ್ದರೆ ನಾನು ಎಲ್ಲವನ್ನೂ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಬಂದು, ಅಜ್ಜನ ಕಾಲಿನ ಕಡೆಗೆ ಬಗ್ಗಿ ಮಂಚ ಹಿಡಿದಳು.

“ಹಿಡಿ” ಎಂದಳು ನನಗೆ.

ಅಜ್ಜ ಮಂಚದ ಅಂಚನ್ನು ಹಿಡಿದುಕೊಂಡರು. ನಾವು ಅವರನ್ನು ಅಟ್ಟಕ್ಕೆ ಸಾಗಿಸಿದೆವು. ಮನೆಗೆ ಬಂದು ಅಮ್ಮ ಅಕ್ಕಿ ನೆನೆಹಾಕಿದಳು. ನಲವತ್ತು ಜನಕ್ಕಲ್ಲ, ಕಡಲು ಬಂದಾಗ ಬರುವ ಜನಕ್ಕೆ ಎಷ್ಟು ಬೇಕೋ ಅಷ್ಟು.

ಬೆಳಕು ಮೂಡುವಾಗ ಅದು ಬಂತು. ಸದ್ದಿಲ್ಲದೆ ಬಂತು. ಮೊದಲು ಬೀದಿಯ ಕೆಳತುದಿಯ ನಾರಿನ ರಾಶಿಗಳು ಎದ್ದು ತೇಲಿದವು, ಆಮೇಲೆ ಅಜ್ಜನ ಕೋಣೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಒಂದು ಮಣೆ, ಒಂದು ಪೊರಕೆ, ಅಜ್ಜನ ಔಷಧದ ಖಾಲಿ ಶೀಸೆಗಳು ಸಾಲಾಗಿ ಹೊರಗೆ ಬಂದವು. ಮಾಳಿಗೆಗಳ ಮೇಲಿಂದ ಎಲ್ಲರೂ ನೋಡುತ್ತಿದ್ದರು. ಒಂದು ತಾಸಿಗೆ ನೀರು ಇಳಿದು ಮರಳು ಕಂಡಿತು. ಯಾರಿಗೂ ಏನೂ ಆಗಿರಲಿಲ್ಲ.

ಆಮೇಲೆ ಜನ ನಮ್ಮ ಅಂಗಳಕ್ಕೆ ಬಂದರು. ಬೈಯಲು ಬಂದರೆಂದುಕೊಂಡೆ. ಲೋಕಯ್ಯನ ಮುಖ ಬಿಳುಚಿತ್ತು. “ಅಹಲ್ಯಕ್ಕ, ನಿನ್ನೆ ಸಿಹಿ ಇತ್ತಲ್ವಾ?” ಅವನ ದನಿಯಲ್ಲಿ ಆರೋಪವಿರಲಿಲ್ಲ. ಏನೋ ಬೇಡಿಕೊಳ್ಳುವವನ ದನಿ ಅದು.

ಅಮ್ಮ ಕಾವಲಿಗೆ ಎಣ್ಣೆ ಸವರುತ್ತಿದ್ದಳು. “ಇತ್ತು” ಎಂದಳು.

“ಇವಳು ಸಿಹಿ ಅಂದ್ರೆ ಸಿಹಿ. ಇಪ್ಪತ್ತೆರಡು ವರ್ಷ ಒಂದು ಸಲ ತಪ್ಪಿದ್ದಿಲ್ಲ” ಎಂದು ಲೋಕಯ್ಯ ಉಳಿದವರ ಕಡೆ ತಿರುಗಿದ. “ಹಾಗಾದ್ರೆ ಕಡಲೇ ಹೇಳದೆ ಬಂದಿದೆ.”

ಆಗಲೇ ಯಮನಪ್ಪ ಮಾಸ್ತರರೂ ರೇಣವ್ವನೂ ಕಡಲನ್ನು ಹುಡುಕುತ್ತ ನಮ್ಮ ಬೀದಿಗೆ ಬಂದಿದ್ದರು. ಅವರನ್ನು ಕಂಡು ಸರೋಜಕ್ಕ ಕೇಳಿದಳು. “ನೀವೇ ಅಲ್ವಾ ಮಾಸ್ತರ್ರು? ಎಲ್ಲಿ ನಿಮ್ಮ ನಲವತ್ತು ಜನ? ನಿಮ್ಮ ಪುಣ್ಯದಿಂದ ನಮ್ಮ ಮಕ್ಕಳು ಉಳಿದ್ರು.”

ಮಾಸ್ತರರು “ಯಾವ ನಲವತ್ತ್” ಎಂದು ಶುರುಮಾಡಿ ನನ್ನ ಕಡೆ ನೋಡಿದರು. ಮೂವತ್ತೈದು ವರ್ಷ ಹುಡುಗರ ಸುಳ್ಳುಗಳನ್ನು ನೋಡಿದ ಕಣ್ಣು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಹಿಂದ ಬರಾಕತ್ತಾರವ್ವಾ. ಬಸ್ಸು ತಡ ಆಗೇತಿ” ಎಂದರು. ಮತ್ತೆ ನನ್ನತ್ತ ನೋಡಲಿಲ್ಲ. ಊಟ ಮಾಡುವಾಗ ರೇಣವ್ವ ಅಮ್ಮನ ಕೈ ಹಿಡಿದು, “ಯಕ್ಕಾ, ಎಂಥಾ ಹದಾ ರೀ ಉಪ್ಪು ಖಾರಾ! ನಾಲಿಗಿ ಇದ್ರ ಇಂಥಾದಿರಬೇಕು” ಎಂದಳು. ಅಮ್ಮ ಇನ್ನೆರಡು ದೋಸೆ ಬಡಿಸಿದಳು.

ಕಡಲು ನಮ್ಮಲ್ಲಿ ಹನ್ನೊಂದು ದಿನ ಇತ್ತು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಕಂಬಾರರ ಬೀದಿಯವರು ಸಿಹಿ ಎಂದರೂ ಅಟ್ಟದಲ್ಲಿ ಮಲಗತೊಡಗಿದರು. ಗಾಣದವರು ಎತ್ತುಗಳನ್ನು ಮೆಟ್ಟಿಲು ಹತ್ತಿಸಲು ಹೋಗಿ ಒಂದರ ಕಾಲು ಮುರಿದರು. ಪೇಟೆಯಲ್ಲಿ ನೀರು ನೋಡುವ ಹುಡುಗಿ, ಇಷ್ಟು ವರ್ಷ ನಿಶ್ಚಿಂತೆಯಿಂದ ಕೂಗುತ್ತಿದ್ದವಳು, ಒಂದು ದಿನ ಹೆದರಿ ಸಿಹಿ ನೀರಿಗೆ ಉಪ್ಪು ಎಂದಳಂತೆ. ಮರುದಿನ ಕಡಲು ಬರಲಿಲ್ಲ, ಅವಳು ಮತ್ತೆ ಕೊಡ ಮುಟ್ಟಲಿಲ್ಲ. ನೋಡಲು ಬರುವವರೂ ಕಡಿಮೆಯಾದರು. ಹಿಂದೆ ತಿರುಗಿ ತಿರುಗಿ ನೋಡುತ್ತ ಬಡಿಸುವವರ ಜಗಲಿಯಲ್ಲಿ ಯಾರಿಗೆ ಊಟ ಸೇರುತ್ತದೆ? ಒಂದು ರಾತ್ರಿಯೂ ಊರು ಮೊದಲಿನಂತೆ ಮಲಗಿದ್ದನ್ನು ನಾನು ಆಮೇಲೆ ಕಾಣಲಿಲ್ಲ.

ನಮ್ಮ ಬಾವಿಯ ಬಳಿ ಮಾತ್ರ ಒಂದು ಬದಲಾವಣೆಯಾಯಿತು. ಅಮ್ಮ ಈಗ ನೀರು ಬಾಯಿಗೆ ಹಾಕಿ ಉಗುಳಿದ ಮೇಲೆ ಕೂಡಲೇ ಕೂಗುವುದಿಲ್ಲ. ಕೊಡವನ್ನು ಕಟ್ಟೆಯ ಮೇಲಿಟ್ಟು, ಏನೋ ಮರೆತವಳಂತೆ ಒಳಗೆ ಹೋಗುತ್ತಾಳೆ. ನಾನು ಬೆರಳು ಅದ್ದಿ ನೋಡುತ್ತೇನೆ. ಸಿಹಿಯಾದರೆ ಕೊಡದ ಮೇಲೆ ತಟ್ಟೆ ಮುಚ್ಚಿಡುತ್ತೇನೆ. ಅವಳು ಹೊರಗೆ ಬಂದು, ತಟ್ಟೆ ನೋಡಿ, ಕೂಗುತ್ತಾಳೆ. ಇದನ್ನು ಹೀಗೆ ಮಾಡೋಣ ಎಂದು ನಾವು ಮಾತಾಡಿಕೊಂಡದ್ದಿಲ್ಲ. ನಮ್ಮ ಬೀದಿಗೆ ಇನ್ನು ತಪ್ಪು ಮಾತು ಹೋಗುವುದಿಲ್ಲ. ಆದರೆ ಸರಿಯಾದ ಮಾತನ್ನು ನಂಬುವವರೂ ಈಗ ಉಳಿದಿಲ್ಲ.

ಐತಪ್ಪಜ್ಜ ಅಟ್ಟದಿಂದ ಇಳಿಯಲಿಲ್ಲ. ಕಡಲು ಬೇರೆ ಬೀದಿಗೆ ಹೋದ ಮೇಲೂ ಇಳಿಯಲಿಲ್ಲ. ಬೇಸಿಗೆ ಬಂತು. ತಗಡಿನ ಕೆಳಗೆ ಹಗಲೆಲ್ಲ ಬೆವರುತ್ತ, ಬೆನ್ನಿನ ಹುಣ್ಣು ಒಣಗದೆ, ಅವರು ದಿನದಿನಕ್ಕೆ ಸಣ್ಣಗಾದರು. ಸೊಸೆ ಬೇಡಿಕೊಂಡಳು, ವೈದ್ಯರು ಗದರಿದರು. ನಾನು ದಿನಾ ಸಂಜೆ ಹೋಗಿ ಬೀಸಣಿಗೆ ಬೀಸುತ್ತ ಕೂರುತ್ತಿದ್ದೆ. ಹೆಚ್ಚು ಮಾತಿರಲಿಲ್ಲ. ಅವರಿಗೂ ನನ್ನ ಮೌನ ಹಿಡಿಸುತ್ತಿತ್ತು ಎಂದು ತೋರುತ್ತದೆ, ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲವಲ್ಲ.

ಒಂದು ಸಂಜೆ ಅವರು ನನ್ನ ಕೈ ಹಿಡಿದುಕೊಂಡರು. “ನೀನು ಓದಿದವ ಜಯಂತಾ. ನನಗೆ ಕೆಳಗೆ ಆ ಕಿಟಕಿಯ ಗಾಳಿ ಬೇಕು ಅನ್ನಿಸ್ತದೆ. ಆದ್ರೆ ನಮ್ಮಪ್ಪನ ಕಾಲದಿಂದ ಹೇಳಿ ಬರ್ತಿದ್ದ ಕಡಲು ಈಗ ಹೇಳದೆ ಬರ್ಲಿಕ್ಕೆ ಶುರು ಮಾಡಿದೆ. ನಾಳೆ ಅಹಲ್ಯಾ ಸಿಹಿ ಅಂದ್ರೂ, ನಂಬಿ ನಾನು ಹೇಗೆ ಇಳಿಯುವುದು? ನೀನೇ ಹೇಳು, ಇಳೀಬಹುದಾ?”

“ನೀವು ಹೇಗೆ ಹೇಳ್ತೀರೋ ಹಾಗೆ ಅಜ್ಜ” ಎಂದೆ.

ಅವರು ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು. ಎಂಟು ದಿನದ ಮೇಲೆ ಅದೇ ಅಟ್ಟದಲ್ಲಿ ತೀರಿಕೊಂಡರು. ಅವರನ್ನು ಕೆಳಗಿಳಿಸಿದವರಲ್ಲಿ ನಾನೂ ಒಬ್ಬ.

ಆ ದಿನ ಕಡಲು ಹೇಳಿಯೇ ಬಂದಿತ್ತು ಎಂದು ನಾನು ಅವರಿಗೆ ಹೇಳಲಿಲ್ಲ.